ಹೆರದ ತಾಯಿಗೆ ಹಾಲು: ಒಂದು ದತ್ತು ಪ್ರಕರಣ

ದತ್ತು ಮಗುವಿಗೆ ಎದೆಹಾಲು ಕುಡಿಸಬೇಕೆಂದು ಬರುವವರನ್ನು ಸಲಹೆ ಕೊಡುವವರು ‘ಯಾಕೆ?’ ಎಂದು ಕೇಳುವುದು ಅನುಮಾನದಿಂದಲ್ಲ. ಯಾವ ದಾರಿ ಹಿಡಿಯಬೇಕು, ಎಲ್ಲಿಗೆ ಸಾಕು ಎನ್ನಬೇಕು ಎಂಬುದೆಲ್ಲ ಆ ಉತ್ತರದ ಮೇಲೆಯೇ ನಿಂತಿರುತ್ತದೆ. ಪಂಪು, ಮಾತ್ರೆ, ಟ್ಯೂಬುಗಳ ಮಾತು ಆಮೇಲಿನದು. ಈ ಪ್ರಕರಣದಲ್ಲಿ ಮೂರು ಭೇಟಿಗಳಲ್ಲಿ ಮೂರು ಬೇರೆ ಬೇರೆ ಉತ್ತರ ಬಂದವು. ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.

ತಾಯಿಗೆ 36 ವರ್ಷ. ದಾವಣಗೆರೆ ಜಿಲ್ಲೆಯ ಒಂದು ತಾಲೂಕು ಊರಿನಲ್ಲಿ ಮನೆಯಲ್ಲೇ ಹೊಲಿಗೆ ಕೆಲಸ. ಗಂಡ ಪಿಯು ಕಾಲೇಜಿನ ಉಪನ್ಯಾಸಕ. ಜೊತೆಗೆ ಅತ್ತೆ ಇದ್ದಾರೆ. ಮದುವೆಯಾಗಿ 13 ವರ್ಷ. ಎರಡು ಸಲ ಐವಿಎಫ್ ಮಾಡಿಸಿದ್ದರು. ಎರಡನೆಯದರಲ್ಲಿ ನಿಂತ ಗರ್ಭ 17ನೇ ವಾರದಲ್ಲಿ ಕಳೆದುಹೋಯಿತು. ಅದಾಗಿ ಆರು ವರ್ಷ. ದತ್ತಿಗಾಗಿ ಸರ್ಕಾರದ ದತ್ತು ನೋಂದಣಿಯ ಕೇರಿಂಗ್ಸ್ ಪೋರ್ಟಲ್‌ನಲ್ಲಿ ಹೆಸರು ಬರೆಸಿ ಮೂರು ವರ್ಷ ದಾಟಿತ್ತು.

ಮೂರು ಉತ್ತರಗಳು

ಮೊದಲ ಭೇಟಿಯಲ್ಲಿ ಸಿಕ್ಕಿದ್ದು ಎಲ್ಲರೂ ಹೇಳುವ ಉತ್ತರ: ಎದೆಹಾಲಿನಲ್ಲಿ ರೋಗನಿರೋಧಕ ಶಕ್ತಿ ಇದೆ, ಮಗುವಿಗೆ ಒಳ್ಳೆಯದು. ಮಾತು ನಿಜವೇ. ಆದರೆ ಇದೊಂದನ್ನೇ ನಂಬಿ ಹೊರಟವರು ಪಂಪಿನ ಬಾಟಲಿಯಲ್ಲಿ 4 ಮಿ.ಲೀ. ಕಂಡ ದಿನವೇ ಕೈಚೆಲ್ಲುತ್ತಾರೆ. ಹಾಲೇ ಗುರಿಯಾದರೆ ಅಳತೆಯೇ ತೀರ್ಪು ಹೇಳಿಬಿಡುತ್ತದೆ.

ಎರಡನೇ ಭೇಟಿಯಲ್ಲಿ ಅತ್ತೆಯ ಮಾತು ಹೊರಗೆ ಬಂತು. ‘ಹಡೀದೆ ಹಾಲು ಎಲ್ಲಿಂದ ಬರ್ತತಿ?’ ಎಂದು ನಾಲ್ಕು ಜನರ ಎದುರು ಅಂದಿದ್ದರಂತೆ. ಸೊಸೆಗೆ ಅದಕ್ಕೊಂದು ಜವಾಬು ಕೊಡಬೇಕಿತ್ತು. ಇದು ಅಪಾಯದ ಕಾರಣ. ಇನ್ನೊಬ್ಬರಿಗೆ ತೋರಿಸಲು ಹೊರಟ ತಾಯಿ ಮಗುವಿನ ತೂಕ ಏರದಿದ್ದರೂ ಮೇಲುಹಾಲು (ಪುಡಿಹಾಲಿನಂಥ ಹೊರಗಿನ ಹಾಲು) ಹೆಚ್ಚಿಸಲು ಒಪ್ಪುವುದಿಲ್ಲ. ಈ ಪ್ರಕರಣದಲ್ಲೂ ಒಂದು ಹಂತದಲ್ಲಿ ಹಾಗೇ ಆಯಿತು.

ಮೂರನೆಯದನ್ನು ಅವರು ಹೊರಡುವ ಹೊತ್ತಿಗೆ ಹೇಳಿದರು. ಗರ್ಭ ಹೋದ ಮೂರನೇ ದಿನ ಎದೆ ಬಿಗಿದು ಹಾಲು ಸೋರಿತ್ತು. ‘ಅವತ್ತು ಬಂದ ಹಾಲನ್ನ ಗುಳಿಗೆ ಕೊಟ್ಟು ಬತ್ತಿಸಿದ್ರು. ಯಾರ ಬಾಯಿಗೂ ಹೋಗ್ಲಿಲ್ಲ.’ ಜೊತೆಗೆ ಇನ್ನೊಂದು ಮಾತು: ಹುಟ್ಟಿದಂದಿನಿಂದ ಪಾಳಿ ಬದಲಾಗುವ ಆಯಾಗಳ ಕೈಯಲ್ಲಿ ಬೆಳೆದ ಮಗುವಿಗೆ ಇನ್ನು ಮುಂದೆ ಒಂದೇ ಮಡಿಲು, ಒಂದೇ ವಾಸನೆ ಸಿಗಬೇಕು. ಯೋಜನೆ ಹಾಕಿದ್ದು ಈ ಮೂರನೇ ಉತ್ತರದ ಮೇಲೆ. 1981ರಲ್ಲಿ ಅಮೆರಿಕದ ಸಂಶೋಧಕರಾದ ಆಯರ್‌ಬಾಕ್ ಮತ್ತು ಏವರಿ ದತ್ತು ಮಗುವಿಗೆ ಹಾಲೂಡಿಸಿದ 240 ಹೆಂಗಸರ ಅನುಭವವನ್ನು ಪ್ರಕಟಿಸಿದರು. ಹಾಲಿನ ಪ್ರಮಾಣಕ್ಕಿಂತ ಮಗುವಿನೊಡನೆ ಕೂಡುವ ನಂಟಿಗೆ ಹೆಚ್ಚು ಬೆಲೆ ಕೊಟ್ಟವರಿಗೆ ಆ ಅನುಭವದ ಬಗ್ಗೆ ಹೆಚ್ಚು ತೃಪ್ತಿ ಇತ್ತು ಎಂಬುದು ಅದರ ಮುಖ್ಯ ಅಂಶ. ನಲವತ್ತು ವರ್ಷ ದಾಟಿದರೂ ಸಲಹೆ ಕೊಡುವವರಿಗೆ ಅದಕ್ಕಿಂತ ಉಪಯೋಗದ ಮಾತು ಹೆಚ್ಚಿಲ್ಲ.

ಇಂಥ ಕಡೆ ಯಾರಾದರೂ ಯಶೋದೆಯ ಹೆಸರು ಎತ್ತಿಯೇ ಎತ್ತುತ್ತಾರೆ. ಭಾಗವತದ ಪ್ರಕಾರ ಯಶೋದೆ ಕೃಷ್ಣ ಹುಟ್ಟಿದ ರಾತ್ರಿಯೇ ಹೆಣ್ಣುಮಗು ಹೆತ್ತಿದ್ದಳು. ಅವಳು ಹಸಿ ಬಾಣಂತಿ, ಹಾಲು ತಾನಾಗಿ ಬಂದಿತ್ತು. ಹೆರದ ತಾಯಿಗೆ ಆ ಹೋಲಿಕೆ ಸಮಾಧಾನ ಕೊಡುವುದಕ್ಕಿಂತ ಹೆಚ್ಚಾಗಿ ಭಾರ ಹೊರಿಸುತ್ತದೆ.

ಹಾಲು ಬರುವುದು ಹೇಗೆ

ಬಸಿರಿನಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಮತ್ತು ಮಾಸಿನಿಂದ ಬರುವ ಹಾರ್ಮೋನುಗಳು ಹಾಲಿನ ಗ್ರಂಥಿಗಳನ್ನು ಬೆಳೆಸುತ್ತವೆ. ಮಾಸು ಬಿದ್ದೊಡನೆ ಪ್ರೊಜೆಸ್ಟರಾನ್ ಕಡಿಮೆಯಾಗುತ್ತದೆ, ಆಗ ಎದೆಗೆ ಹಾಲು ಇಳಿಯುತ್ತದೆ. ಅಲ್ಲಿಂದ ಮುಂದೆ ಉತ್ಪಾದನೆ ನಡೆಯುವುದು ತೊಟ್ಟಿನ ಪ್ರಚೋದನೆಯಿಂದ: ಮಗು ಚೀಪಿದಷ್ಟೂ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಹಾಲು ಉತ್ಪಾದಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಬಿಡುತ್ತದೆ, ಎದೆ ಖಾಲಿಯಾದಷ್ಟೂ ತುಂಬುತ್ತದೆ. ಅಂಡಾಶಯ, ಗರ್ಭಕೋಶ ಹೇಗಿದ್ದರೂ ಈ ಕೊನೆಯ ಭಾಗ ಕೆಲಸ ಮಾಡುತ್ತದೆ. ಹಾಗಾಗಿಯೇ ಹೆರದವರಿಗೂ ಹಾಲು ಬರಿಸಬಹುದು. ಬಸಿರು ಬೆಳೆಸಬೇಕಿದ್ದ ಗ್ರಂಥಿಗಳು ಬೆಳೆಯದೆ ಇರುವುದರಿಂದ ಬಹಳ ಮಂದಿಗೆ ಮಗುವಿಗೆ ಪೂರ್ತಿ ಸಾಲುವಷ್ಟು ಬರುವುದಿಲ್ಲ.

ಈ ತಾಯಿಯ 17 ವಾರದ ಬಸಿರು ಆ ಬೆಳವಣಿಗೆಯನ್ನು ಸ್ವಲ್ಪ ಮಾಡಿಕೊಟ್ಟಿತ್ತು. ಗ್ರಂಥಿಗೆ ಹಾಲು ಇಳಿಸುವ ಶಕ್ತಿ ಇದೆಯೆಂಬುದಕ್ಕೆ ಅಂದು ಸೋರಿದ ಹಾಲೇ ಸಾಕ್ಷಿ. ದುಃಖದ ನೆನಪಾದರೂ ಚಿಕಿತ್ಸೆಯ ದೃಷ್ಟಿಯಿಂದ ಅದು ಕಡತದ ಅತಿ ಮುಖ್ಯ ಸಾಲು.

ದತ್ತಿನ ಲೆಕ್ಕ, ಹಾಲಿನ ಲೆಕ್ಕ

ಹೆಚ್ಚು ಹೆಸರಾದ ವಿಧಾನ ಕೆನಡಾದ ನ್ಯೂಮನ್-ಗೋಲ್ಡ್‌ಫಾರ್ಬ್ ಕ್ರಮ. ತಿಂಗಳುಗಟ್ಟಲೆ ಗರ್ಭನಿರೋಧಕ ಮಾತ್ರೆಯನ್ನು ಬಿಡುವಿಲ್ಲದೆ ನುಂಗಿಸಿ ದೇಹಕ್ಕೆ ಬಸಿರಿನ ಭ್ರಮೆ ಹುಟ್ಟಿಸುತ್ತಾರೆ. ಜೊತೆಗೆ ಪ್ರೊಲ್ಯಾಕ್ಟಿನ್ ಏರಿಸುವ ಡೊಂಪೆರಿಡೋನ್ ಮಾತ್ರೆ. ಮಗು ಬರಲು ಸುಮಾರು ಆರು ವಾರ ಇರುವಾಗ ಗರ್ಭನಿರೋಧಕ ನಿಲ್ಲಿಸಿ ಪಂಪ್ ಶುರು ಮಾಡಿಸುತ್ತಾರೆ. ಬಾಡಿಗೆ ತಾಯ್ತನದಲ್ಲಿ ಇದು ಸರಿ, ಹೆರಿಗೆಯ ತಾರೀಖು ಮೊದಲೇ ಗೊತ್ತಿರುತ್ತದೆ. ನಮ್ಮ ದತ್ತು ವ್ಯವಸ್ಥೆಯಲ್ಲಿ ಯಾವ ತಾರೀಖೂ ಗೊತ್ತಿರುವುದಿಲ್ಲ. ವರ್ಷಗಟ್ಟಲೆ ಸುದ್ದಿಯಿಲ್ಲ, ಒಂದು ದಿನ ಮಗುವಿನ ವಿವರ ಬರುತ್ತದೆ. 2022ರ ದತ್ತು ನಿಯಮಗಳ ಪ್ರಕಾರ 48 ಗಂಟೆಯೊಳಗೆ ಕಾಯ್ದಿರಿಸಬೇಕು, 30 ದಿನದೊಳಗೆ ಹೊಂದಾಣಿಕೆಯ ಪ್ರಕ್ರಿಯೆ ಮುಗಿಯಬೇಕು. ಒಪ್ಪಿದ ಮೇಲೆ ದತ್ತುಪೂರ್ವ ಪೋಷಣೆಗೆಂದು ಮಗು ಮನೆಗೆ ಬರುತ್ತದೆ, ಜಿಲ್ಲಾಧಿಕಾರಿಯ ಆದೇಶ ಆಮೇಲೆ.

ಇನ್ನೊಂದು ತೊಡಕು ಮಗುವಿನ ವಯಸ್ಸಿನದು. ಹೆತ್ತವರು ಒಪ್ಪಿಸಿದ ಮಗುವಾದರೆ ಅವರಿಗೆ ಮನಸ್ಸು ಬದಲಿಸಲು ಎರಡು ತಿಂಗಳ ಅವಕಾಶವಿದೆ. ಅದು ಕಳೆದ ಮೇಲೆಯೇ ಮಗು ದತ್ತಿಗೆ ಮುಕ್ತ. ಎಂದರೆ ಮನೆಗೆ ಬರುವಾಗ ಮಗು ಎಳೆಗೂಸಾಗಿರುವುದಿಲ್ಲ. ಎಂಟು ವಾರದೊಳಗಿನ ಮಕ್ಕಳು ಎದೆಯನ್ನು ಬೇಗ ಹಿಡಿಯುತ್ತವೆ. ಮೂರು ತಿಂಗಳಿನವು ಬಾಟಲಿಯ ರಬ್ಬರಿಗೆ ಹೊಂದಿಕೊಂಡಿರುತ್ತವೆ, ಒಗ್ಗದ್ದನ್ನು ತಳ್ಳುವ ಶಕ್ತಿಯೂ ಬಂದಿರುತ್ತದೆ.

ಮಗು ಬರುವ ಮೊದಲು ಈ ತಾಯಿಗೆ ಸಿಕ್ಕಿದ್ದು 18 ದಿನ. ಜೊತೆಗೆ ಕಣ್ಣೆದುರು ಮಿಂಚುಗೆರೆ ಬರುವ ಮೈಗ್ರೇನ್ ಇತ್ತು. ಅಂಥವರಿಗೆ ಈಸ್ಟ್ರೋಜನ್ ಇರುವ ಮಾತ್ರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತದೆ. ಸಮಯ ಇದ್ದಿದ್ದರೂ ಆ ದಾರಿ ಮುಚ್ಚಿತ್ತು.

ಹದಿನೆಂಟು ದಿನ

ಮೊದಲ ಎರಡು ದಿನ ಪರೀಕ್ಷೆಗಳಿಗೆ ಹೋಯಿತು: ಎಚ್‌ಐವಿ, ಹೆಪಟೈಟಿಸ್ ಬಿ, ವಿಡಿಆರ್‌ಎಲ್ (ಸಿಫಿಲಿಸ್ ಪರೀಕ್ಷೆ), ಹಿಮೋಗ್ಲೋಬಿನ್, ಥೈರಾಯ್ಡ್, ಪ್ರೊಲ್ಯಾಕ್ಟಿನ್, ಪೊಟ್ಯಾಸಿಯಂ, ಇಸಿಜಿ. ಪ್ರೊಲ್ಯಾಕ್ಟಿನ್ ಮೊದಲೇ ಹೆಚ್ಚಿದ್ದರೆ ಪಿಟ್ಯುಟರಿಯಲ್ಲಿ ಗಡ್ಡೆ ಇದೆಯೇ ಎಂದು ನೋಡದೆ ಮುಂದುವರಿಯಬಾರದು. ಇವರದು ಸಹಜವಾಗಿತ್ತು. ಎಚ್‌ಐವಿ ವರದಿಯ ಪ್ರತಿಯೊಂದನ್ನು ದತ್ತು ಸಂಸ್ಥೆಗೆ ಮೊದಲೇ ಕೊಟ್ಟು ಹಾಲೂಡಿಸುವ ಉದ್ದೇಶ ತಿಳಿಸಲಾಯಿತು. ಆದೇಶ ಆಗುವ ಮೊದಲು ಈ ವಿಷಯದಲ್ಲಿ ಮುಚ್ಚುಮರೆ ಬೇಡ.

ಇಸಿಜಿಯಲ್ಲಿ ನೋಡಿದ್ದು ಕ್ಯುಟಿಸಿ ಎಂಬ ಅಳತೆಯನ್ನು; ಇದು ಉದ್ದವಾದರೆ ಹೃದಯದ ಲಯ ಕೆಡುವ ಅಪಾಯ ಹೆಚ್ಚು. ಇವರದು 412 ಮಿಲಿಸೆಕೆಂಡ್, ಸಹಜ ಮಿತಿಯೊಳಗೆ. ವಾಂತಿ ನಿಲ್ಲಿಸುವ ಮಾತ್ರೆಯೆಂದು ಎಲ್ಲರಿಗೂ ಗೊತ್ತಿರುವ ಡೊಂಪೆರಿಡೋನ್ ಪ್ರೊಲ್ಯಾಕ್ಟಿನ್ ಏರಿಸುತ್ತದೆ. ಅದರ ಜೊತೆಗೆ ಕೆಲವರಲ್ಲಿ ಹೃದಯದ ಲಯವನ್ನೂ ಕೆಡಿಸುತ್ತದೆ. ಕೆನಡಾದ ಕ್ರಮದಲ್ಲಿ ದಿನಕ್ಕೆ 80 ಮಿ.ಗ್ರಾಂ. ವರೆಗೆ ಹೋಗುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲೇ ಹಾಲು ಹೆಚ್ಚಿಸಲು ಇದನ್ನು ಬಳಸದಂತೆ ಎಚ್ಚರಿಸಿತು. 2014ರಲ್ಲಿ ಯುರೋಪಿನ ಔಷಧ ಸಂಸ್ಥೆ ವಾಂತಿಗೆ ಕೊಡುವಾಗಲೂ ದಿನಕ್ಕೆ 30 ಮಿ.ಗ್ರಾಂ. ದಾಟಬೇಡಿ, ಒಂದು ವಾರಕ್ಕಿಂತ ಹೆಚ್ಚು ಬೇಡ ಎಂದಿತು. ಇವರ ವೈದ್ಯೆ ಎರಡನ್ನೂ ತೂಗಿ 10 ಮಿ.ಗ್ರಾಂ. ಮಾತ್ರೆಯನ್ನು ದಿನಕ್ಕೆ ಮೂರು ಸಲ, ಊಟಕ್ಕೆ ಅರ್ಧ ಗಂಟೆ ಮೊದಲು ಬರೆದರು. ಹತ್ತು ದಿನಕ್ಕೆ ಮತ್ತೆ ಇಸಿಜಿ. ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುತ್ತದೆಂದು ತಾವೇ ಶುರುಮಾಡುವ ಮಾತ್ರೆ ಇದಲ್ಲ.

ಮೂರು ದಿನ ಬರೀ ಕೈ: ಬಿಸಿನೀರಿನ ಬಟ್ಟೆ ಇಟ್ಟು, ಹೊರಗಿನಿಂದ ತೊಟ್ಟಿನ ಕಡೆಗೆ ನೀವಿ, ಒಂದೊಂದು ಕಡೆ ಐದು ನಿಮಿಷ ಹಿಂಡುವುದು. ನಾಲ್ಕನೇ ದಿನದಿಂದ ಎರಡೂ ಕಡೆ ಒಟ್ಟಿಗೆ ಎಳೆಯುವ ವಿದ್ಯುತ್ ಪಂಪ್, ದಿನಕ್ಕೆ ಎಂಟು ಸಲ, ತಲಾ 15 ನಿಮಿಷ. ಅದರಲ್ಲಿ ಒಂದು ಸಲ ರಾತ್ರಿ ಎರಡರ ಸುಮಾರಿಗೆ, ಏಕೆಂದರೆ ಪ್ರೊಲ್ಯಾಕ್ಟಿನ್ ರಾತ್ರಿಯೇ ಹೆಚ್ಚು. ಆರನೇ ದಿನಕ್ಕೆ ತೊಟ್ಟು ಸುಲಿಯಿತು. ಪಂಪಿನ ಜೊತೆ ಬಂದ ಕೊಳವೆಯ ಬಾಯಿ 27 ಮಿ.ಮೀ., ಅವರ ತೊಟ್ಟಿನ ಅಗಲ 17 ಮಿ.ಮೀ. ಸುತ್ತಲಿನ ಕಪ್ಪು ಭಾಗವೂ ಒಳಗೆ ಎಳೆದುಕೊಂಡು ಉಜ್ಜುತ್ತಿತ್ತು. 21ರ ಕೊಳವೆ ತರಿಸಿ, ಎಳೆತವನ್ನು ನೋವಾಗದ ಮಟ್ಟಕ್ಕೆ ಇಳಿಸಿದ ಮೇಲೆ ಸರಿಹೋಯಿತು. ಜೋರಾಗಿ ಎಳೆದರೆ ಜಾಸ್ತಿ ಬರುತ್ತದೆ ಎಂಬುದು ತಪ್ಪು. ನೋವು ಹಾಲನ್ನು ಹೊರಗೆ ತಳ್ಳುವ ಆಕ್ಸಿಟೋಸಿನ್ ಹಾರ್ಮೋನನ್ನು ತಡೆದು ಹಾಲಿನ ಇಳಿತವನ್ನೇ ನಿಲ್ಲಿಸುತ್ತದೆ.

ಒಂಬತ್ತನೇ ದಿನ ಅಂಟಂಟಾದ ಒಂದು ಹನಿ. ಹನ್ನೆರಡಕ್ಕೆ ಬಿಳಿ ಹನಿ. ಹದಿನೆಂಟಕ್ಕೆ ಇಡೀ ದಿನದ ಲೆಕ್ಕ 10 ಮಿ.ಲೀ. ಹಿಂದೆ ಬಸಿರೇ ಆಗದವರಿಗೆ ಇಷ್ಟಕ್ಕೇ ತಿಂಗಳು ಹಿಡಿಯಬಹುದು. ಗಿಣ್ಣುಹಾಲು ಬಂತೇ ಎಂದು ಅತ್ತೆ ಕೇಳಿದರು. ಹೀಗೆ ಬರಿಸಿದ ಹಾಲಿನಲ್ಲಿ ಗಿಣ್ಣಿನ ಹಂತ ಕಾಣಿಸಿಕೊಳ್ಳುವುದಿಲ್ಲ, ಮೂರು ತಿಂಗಳ ಮಗುವಿಗೆ ಅದರ ಅಗತ್ಯವೂ ಇಲ್ಲ.

ಸಬ್ಬಸಿಗೆ, ಮೆಂತ್ಯ, ಅಂಟಿನುಂಡೆ, ಶತಾವರಿ ಎಲ್ಲವೂ ಮನೆಗೆ ಬಂದವು. (ಶತಾವರಿಗೆ ನಮ್ಮಲ್ಲಿ ಹಲವು ಮಕ್ಕಳ ತಾಯಿ ಬೇರು ಎಂಬ ಹೆಸರಿದೆ, ಈ ಮನೆಯಲ್ಲಿ ಆ ಹೆಸರನ್ನು ಯಾರೂ ಗಟ್ಟಿಯಾಗಿ ಹೇಳಲಿಲ್ಲ.) ಇವು ಹಾಲು ಹೆಚ್ಚಿಸುತ್ತವೆ ಎಂಬುದಕ್ಕೆ ಪುರಾವೆ ತೆಳು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ಮೆಂತ್ಯ ಹೆಚ್ಚು ತಿಂದರೆ ಸಕ್ಕರೆ ಕುಸಿಯಬಹುದು. ಆದರೆ ಉಂಡೆ ಕಟ್ಟುತ್ತ ಕಟ್ಟುತ್ತ ಅತ್ತೆ ಸೊಸೆಯನ್ನು ಬಾಣಂತಿಯ ಲೆಕ್ಕಕ್ಕೆ ತೆಗೆದುಕೊಂಡರು. ನೀರು ತುಂಬುವುದು, ರೊಟ್ಟಿ ಬಡಿಯುವುದು ತಪ್ಪಿತು. ದಿನಕ್ಕೆ ಎಂಟು ಸಲ ಪಂಪ್ ಹಿಡಿದು ಕೂರಲು ಬೇಕಿದ್ದ ಎರಡು ಗಂಟೆ ಸಿಕ್ಕಿದ್ದು ಹೀಗೆ. ಉಂಡೆಯಿಂದ ಆದ ಉಪಕಾರ ಅದು.

ಮಗು ಬಂದ ಮೇಲೆ

ಹೆಣ್ಣುಮಗು, ವಯಸ್ಸು 3 ತಿಂಗಳು 12 ದಿನ, ತೂಕ 4.4 ಕೆ.ಜಿ. ಹುಟ್ಟುವಾಗ 2.3 ಇತ್ತು. ಈ ವಯಸ್ಸಿಗೆ ಇದು ಕಡಿಮೆ ತೂಕ. ದಿನಕ್ಕೆ ಸುಮಾರು 700 ಮಿ.ಲೀ. ಪುಡಿಹಾಲು ಬೇಕು ಎಂದು ಮಕ್ಕಳ ವೈದ್ಯರು ಲೆಕ್ಕ ಹಾಕಿದರು, ಕೆ.ಜಿ.ಗೆ 150 ಮಿ.ಲೀ.ಗಿಂತ ತುಸು ಮೇಲೆ.

ಎದೆಗೆ ಹಿಡಿದರೆ ಬೆನ್ನು ಬಿಲ್ಲಾಗಿಸಿ ಕಿರುಚುತ್ತಿತ್ತು. ಹಸಿದಾಗ ಪ್ರಯತ್ನಿಸಿದ್ದೇ ಮೊದಲ ತಪ್ಪು. ಹಸಿದ ಮಗುವಿಗೆ ಹೊಸದನ್ನು ಕಲಿಯುವ ತಾಳ್ಮೆ ಇರುವುದಿಲ್ಲ. ಎರಡನೆಯದಾಗಿ, ಎಡಗಡೆಯ ತೊಟ್ಟು ಒಳಗೆ ಸೇರಿಕೊಂಡಿತ್ತು. ಇದಕ್ಕೆ ದಾವಣಗೆರೆಯವರದೇ ಔಷಧ ಇದೆ: 1993ರಲ್ಲಿ ಅಲ್ಲಿನ ಮಕ್ಕಳ ವೈದ್ಯೆ ಡಾ. ನಿರ್ಮಲಾ ಕೇಸರಿ ಮತ್ತು ಸಂಗಡಿಗರು ಪ್ರಕಟಿಸಿದ ಸಿರಿಂಜಿನ ಉಪಾಯ. 10 ಮಿ.ಲೀ. ಸಿರಿಂಜಿನ ಸೂಜಿ ಸಿಕ್ಕಿಸುವ ತುದಿಯನ್ನು ಕತ್ತರಿಸಬೇಕು. ಒಳದಂಡವನ್ನು ಹೊರತೆಗೆದು, ಕತ್ತರಿಸಿದ ಕಡೆಯಿಂದ ತೂರಿಸಬೇಕು. ನಯವಾದ ಮೂಲ ಅಂಚು ಎದೆಗೆ ಬರುತ್ತದೆ. ಕತ್ತರಿಸಿದ ಒರಟು ಅಂಚು ತಾಗಿದರೆ ಚರ್ಮ ಕುಯ್ಯುತ್ತದೆ. ತೊಟ್ಟಿನ ಮೇಲಿಟ್ಟು ಮೆಲ್ಲಗೆ ಎಳೆದು ಅರ್ಧದಿಂದ ಒಂದು ನಿಮಿಷ ಹಿಡಿಯುವುದು, ಪ್ರತಿ ಸಲ ಎದೆಗೆ ಹಾಕುವ ಮುಂಚೆ. ತೆಗೆಯುವಾಗ ದಂಡವನ್ನು ಸ್ವಲ್ಪ ಒಳಗೆ ತಳ್ಳಿ ಗಾಳಿ ಬಿಡಬೇಕು, ಕಿತ್ತೆಳೆಯಬಾರದು.

ಬಾಟಲಿ ಅಂದೇ ನಿಂತು ಒಳಲೆ (ಮಕ್ಕಳಿಗೆ ಹಾಲು ಕುಡಿಸುವ ಕೊಕ್ಕಿನ ಬಟ್ಟಲು) ಬಂತು. ಮೊದಲು ಒಳಲೆಯಲ್ಲಿ 30-40 ಮಿ.ಲೀ. ಕುಡಿಸಿ ಹಸಿವಿನ ಕಾವು ಇಳಿಸಿ, ಆಮೇಲೆ ಎದೆಗೆ. ಹಗಲೆಲ್ಲ ಮೈಗೆ ಮೈ ತಾಗಿಸಿ ಮಲಗಿಸುವುದು. ಎದೆ ಹಿಡಿಸುವ ಪ್ರಯತ್ನ ಮಗು ಅರೆನಿದ್ದೆಯಲ್ಲಿರುವಾಗ ಮಾತ್ರ. ಜೊತೆಗೆ ಡಾ. ಕೇಸರಿಯವರೇ ಬರೆದ ಹನಿ ಬಿಡುವ ವಿಧಾನ: ಮಗುವಿನ ಬಾಯಿ ತೊಟ್ಟಿನ ಮೇಲಿರುವಾಗ ಇನ್ನೊಬ್ಬರು ಎದೆಯ ಮೇಲಿನಿಂದ ಹಾಲನ್ನು ಹನಿಹನಿಯಾಗಿ ಇಳಿಬಿಡುತ್ತಾರೆ. ಚೀಪಿದರೆ ಹಾಲು ಸಿಗುತ್ತದೆಂದು ಮಗು ಕಲಿಯುತ್ತದೆ. ಇಲ್ಲಿ ಹನಿ ಬಿಟ್ಟವರು ಅತ್ತೆ. ಆರನೇ ರಾತ್ರಿ ಮಗು ಮೊದಲ ಸಲ ಬಾಯಗಲಿಸಿ ಹಿಡಿಯಿತು, ನಾಲ್ಕು ನಿಮಿಷ.

ಅಲ್ಲಿಂದ ಟ್ಯೂಬು. ಮಕ್ಕಳ ಫೀಡಿಂಗ್ ಟ್ಯೂಬ್ 5ನೇ ನಂಬರಿನದು. ಒಂದು ತುದಿ ಪುಡಿಹಾಲಿನ ಲೋಟದಲ್ಲಿ, ಇನ್ನೊಂದು ಮೈಕ್ರೋಪೋರ್ ಪಟ್ಟಿಯಿಂದ ಎದೆಗೆ ಅಂಟಿಸಿ ತೊಟ್ಟಿನ ತುದಿಯವರೆಗೆ. ಮಗು ಚೀಪುವುದು ಎದೆಯನ್ನು, ಬರುವುದು ಲೋಟದ ಹಾಲೂ ಎದೆಯ ಹಾಲೂ. ಟ್ಯೂಬು ತೊಟ್ಟಿಗಿಂತ ಅರ್ಧ ಸೆಂ.ಮೀ.ಗಿಂತ ಹೆಚ್ಚು ಮುಂದೆ ಹೋದರೆ ಮಗು ಅದನ್ನೊಂದನ್ನೇ ಸ್ಟ್ರಾದಂತೆ ಎಳೆಯುತ್ತದೆ, ಎದೆಗೆ ಪ್ರಚೋದನೆ ಸಿಗುವುದಿಲ್ಲ. ಹಿಂದೆ ಉಳಿದರೆ ಹಾಲು ಬರುವುದಿಲ್ಲ. ಲೋಟ ತೊಟ್ಟಿನ ಮಟ್ಟದಲ್ಲಿರಬೇಕು: ಮೇಲಿದ್ದರೆ ಹಾಲು ತಾನೇ ಸುರಿದು ಚೀಪುವ ಕೆಲಸವೇ ತಪ್ಪುತ್ತದೆ, ಕೆಳಗಿದ್ದರೆ ಮಗು ದಣಿಯುತ್ತದೆ. ಒಂದು ಸರದಿ ಅರ್ಧ ಗಂಟೆಯಲ್ಲಿ ಮುಗಿಯುವಂತೆ ಲೋಟವನ್ನು ಏರಿಸಿ ಇಳಿಸಿ ಹೊಂದಿಸಿದರು. ಪುಡಿಯ ಗಂಟು ಸಿಕ್ಕಿ ಎರಡು ಸಲ ಟ್ಯೂಬು ಕಟ್ಟಿತು; ಕುದಿಸಿ ತುಸು ಆರಿದ, 70 ಡಿಗ್ರಿಗೆ ಕಡಿಮೆಯಿಲ್ಲದ ನೀರಿನಲ್ಲಿ ಕಲಸಿ, ಸೋಸಿ, ಉಗುರುಬೆಚ್ಚಗಾದ ಮೇಲೆ ಕೊಡಲು ಶುರುಮಾಡಿದ ಮೇಲೆ ಆ ಕಾಟ ನಿಂತಿತು. ಕುಡಿಸಿದೊಡನೆ 5 ಮಿ.ಲೀ. ಸಿರಿಂಜಿನಿಂದ ತಣ್ಣೀರು, ಸೋಪಿನ ನೀರು, ಕುದಿಸಿದ ನೀರು ಹಾಯಿಸುವುದು; ದಿನಕ್ಕೊಂದು ಹೊಸ ಟ್ಯೂಬು. ಒಳಗೆ ಹಾಲಿನ ಪೊರೆ ಕಟ್ಟಿದ ಟ್ಯೂಬು ಭೇದಿಗೆ ನೇರ ದಾರಿ.

ತೂಕ ನಿಂತದ್ದು

ಹನ್ನೆರಡನೇ ದಿನದ ತೂಕ 4.46 ಕೆ.ಜಿ. ಮುನ್ನೂರು ಗ್ರಾಂ ಏರಬೇಕಿದ್ದಲ್ಲಿ ಏರಿದ್ದು ಅರವತ್ತು. ವಿಚಾರಿಸಿದರೆ, ಮಗು 40 ನಿಮಿಷ ಎದೆಯಲ್ಲೇ ಇರುತ್ತದೆ, ಹಾಲು ಬಂದಿದೆ ಎಂದು ತಾಯಿ ನಾಲ್ಕು ದಿನದಲ್ಲಿ ಮೇಲುಹಾಲನ್ನು 700ರಿಂದ 450ಕ್ಕೆ ಇಳಿಸಿದ್ದರು. ಮಗು ಉಚ್ಚೆ ಹೊಯ್ಯುವುದು ದಿನಕ್ಕೆ ನಾಲ್ಕು ಸಲಕ್ಕೆ ಬಂದಿತ್ತು. ಎದೆಯಲ್ಲಿರುವ ಹೊತ್ತು ಕುಡಿಯುವ ಹೊತ್ತಲ್ಲ. ದವಡೆ ಆಳವಾಗಿ ಇಳಿದು, ಗುಟುಕಿನ ಸದ್ದು ಕೇಳಿಸಿದರೆ ಕುಡಿಯುತ್ತಿದೆ. ತುಟಿ ಬರೀ ಪಟಪಟ ಅದುರುತ್ತಿದ್ದರೆ ಚೀಪಿಕೊಂಡು ಮಲಗಿದೆ. ಆ ನಾಲ್ಕು ದಿನ ಮನೆಗೆ ನೆಂಟರು ಬಂದಿದ್ದರು ಎಂಬುದೂ ಆಮೇಲೆ ತಿಳಿಯಿತು. ಎರಡನೇ ಭೇಟಿಯ ಉತ್ತರ ಇನ್ನೂ ಒಳಗೆ ಜೀವಂತವಾಗಿತ್ತು.

ಅಂದೇ 700ಕ್ಕೆ ಮರಳಿಸಿದರು. ಮುಂದಿನ ನಿಯಮ ಬಿಗಿ: ದಿನದ ಒಟ್ಟು ಮೇಲುಹಾಲಿನಲ್ಲಿ 50 ಮಿ.ಲೀ. ಮಾತ್ರ ಕಡಿಮೆ ಮಾಡುವುದು, ಅದೇ ಮಟ್ಟದಲ್ಲಿ ಕೆಲವು ದಿನ ಇರುವುದು, ವಾರಕ್ಕೆ 125 ಗ್ರಾಂ ಏರಿದರೆ ಮತ್ತು ಉಚ್ಚೆ ಆರು ಸಲಕ್ಕಿಂತ ಹೆಚ್ಚಿದ್ದರೆ ಮಾತ್ರ ಇನ್ನೊಂದು 50. ಪುಡಿಗೆ ನೀರು ಜಾಸ್ತಿ ಬೆರೆಸಿ ಅಳತೆ ಸರಿತೂಗಿಸುವುದು ಖಂಡಿತ ಕೂಡದು. ಐದನೇ ವಾರಕ್ಕೆ ತೂಕ 5.1 ಆಯಿತು.

ಏಳನೇ ವಾರದ ಎಡವಟ್ಟು ಬೇರೆ ಬಗೆಯದು. ಎದೆ ಉರಿಯೆಂದು ತಾಯಿ ಅಂಗಡಿಯಿಂದ ಗ್ಯಾಸಿನ ಕ್ಯಾಪ್ಸೂಲ್ ತಂದು ನುಂಗುತ್ತಿದ್ದರು. ನಮ್ಮಲ್ಲಿ ಮಾರುವ ಅಂಥ ಬಹಳಷ್ಟು ಕ್ಯಾಪ್ಸೂಲ್‌ಗಳಲ್ಲಿ ರಬೆಪ್ರಜೋಲ್ ಅಥವಾ ಪ್ಯಾಂಟೊಪ್ರಜೋಲ್ ಜೊತೆ 30 ಮಿ.ಗ್ರಾಂ. ಡೊಂಪೆರಿಡೋನ್ ಸೇರಿರುತ್ತದೆ. ಹೀಗೆ ಗೊತ್ತಿಲ್ಲದೆ ದಿನಕ್ಕೆ 60 ಆಗಿತ್ತು. ಎದೆ ಡವಡವ ಎಂದಾಗ ಸಿಕ್ಕಿಬಿತ್ತು. ಇಸಿಜಿ ಅದೃಷ್ಟಕ್ಕೆ ಸರಿಯಿತ್ತು. ತೊಟ್ಟಿನ ಫಂಗಸ್ಸಿಗೆ ಕೊಡುವ ಫ್ಲುಕೊನಜೋಲ್, ಗಂಟಲು ನೋವಿಗೆ ಬರೆಯುವ ಎರಿಥ್ರೋಮೈಸಿನ್, ಕ್ಲಾರಿಥ್ರೋಮೈಸಿನ್ ಕೂಡ ಈ ಮಾತ್ರೆಯ ಜೊತೆ ಸೇರಬಾರದವು. ಯಾವ ವೈದ್ಯರ ಬಳಿ ಹೋದರೂ ತೋರಿಸಲೆಂದು ಒಂದು ಚೀಟಿಯನ್ನು ಬರೆದು ಪರ್ಸಿನಲ್ಲಿ ಇಡಿಸಲಾಯಿತು.

ಕಡತದ ಕೊನೆಯ ಪುಟಗಳು

ಹತ್ತನೇ ವಾರ ಮಗುವಿಗೆ ಆರು ತಿಂಗಳು ತುಂಬುತ್ತಿತ್ತು, ತೂಕ 5.9 ಕೆ.ಜಿ. ಕುಡಿಸುವ ಮುಂಚೆ ಮತ್ತು ಆಮೇಲೆ 5 ಗ್ರಾಂ ನಿಖರತೆಯ ತಕ್ಕಡಿಯಲ್ಲಿ ತೂಗಿ ಒಂದಿಡೀ ದಿನ ಲೆಕ್ಕ ಹಾಕಿದಾಗ ಎದೆಹಾಲು ಸುಮಾರು 180 ಮಿ.ಲೀ., ಟ್ಯೂಬಿನ ಹಾಲು 600. ನಾಲ್ಕರಲ್ಲಿ ಒಂದು ಪಾಲಿಗೂ ತುಸು ಕಡಿಮೆ. ಸಂಖ್ಯೆ ಕೇಳಿ ತಾಯಿ ಪುಸ್ತಕದಲ್ಲಿ ಬರೆದುಕೊಂಡರು; ಬೇಸರ ಪಟ್ಟಂತೆ ಕಾಣಲಿಲ್ಲ. ಆ ವಾರದಿಂದ ರಾಗಿ ಸರಿ ಶುರುವಾಯಿತು, ಪಂಪ್ ಹಗಲು ನಿಂತಿತು.

ಎಂಟೂವರೆ ತಿಂಗಳಿಗೆ ಟ್ಯೂಬು ಬಿಟ್ಟರು, ಉಳಿದ ಹಾಲು ಲೋಟದಲ್ಲೇ. ಹತ್ತನೇ ತಿಂಗಳಲ್ಲಿ ಡೊಂಪೆರಿಡೋನ್ ಇಳಿಸಲಾಯಿತು, ವಾರಕ್ಕೆ ಒಂದು ಮಾತ್ರೆಯಂತೆ ಮೂರು ವಾರದಲ್ಲಿ. ಒಮ್ಮೆಲೇ ನಿಲ್ಲಿಸಿದರೆ ಕೆಲವರಿಗೆ ನಿದ್ದೆ ಕೆಟ್ಟು ತಳಮಳ ಶುರುವಾಗುತ್ತದೆ. ಮಾತ್ರೆ ನಿಂತ ತಿಂಗಳಿಗೆ ಹಾಲು ಹನಿಗಳಿಗೆ ಇಳಿಯಿತು. ಮಗು ಮಾತ್ರ ರಾತ್ರಿ ಮಲಗುವ ಹೊತ್ತಿಗೆ ಎದೆಯನ್ನೇ ಹುಡುಕುತ್ತಿತ್ತು, ಒಳಗೆ ತೊಟ್ಟು ಹಾಲಿರಲಿ ಇಲ್ಲದಿರಲಿ.